ಸಾಲ ತೀರಿತು, ಪತ್ರ ಕೈಗೆ ಬಂತು: ಇನ್ನು ಇಡುವುದೆಲ್ಲಿ?

ಗೃಹಸಾಲ ತೀರಿದ ದಿನ ಎಲ್ಲರ ಕಣ್ಣೂ ‘ಬಾಕಿ ಸೊನ್ನೆ’ ಎಂಬ ಸಾಲಿನ ಮೇಲಿರುತ್ತದೆ. ಅದಾದ ಕೆಲವು ವಾರಕ್ಕೆ ಬ್ಯಾಂಕಿನವರು ಕೊಡುವ ದಪ್ಪ ಲಕೋಟೆಯನ್ನು ಬಿಚ್ಚಿ ನೋಡುವವರು ಕಡಿಮೆ. ಹದಿನೈದು ಇಪ್ಪತ್ತು ವರ್ಷ ಆ ಕಾಗದಗಳನ್ನು ಕಾಯ್ದದ್ದು ಬ್ಯಾಂಕು. ಬೆಂಕಿ ತಡೆಯುವ ಕೋಣೆ, ದಾಖಲೆ ಪುಸ್ತಕ, ಯಾರು ತೆಗೆದರು ಯಾರು ಇಟ್ಟರು ಎಂಬ ಲೆಕ್ಕ ಎಲ್ಲವೂ ಅವರ ಕಡೆ ಇತ್ತು. ಲಕೋಟೆ ನಿಮ್ಮ ಕೈಗೆ ಬಂದ ಗಳಿಗೆಯಿಂದ ಅದಷ್ಟೂ ನಿಮ್ಮ ಹೊಣೆ. ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟರೆ ಸಾಲದು ಎಂಬುದು ಎಲ್ಲರಿಗೂ ಗೊತ್ತು. ಏಕೆ ಸಾಲದು, ಏನು ಮಾಡಬೇಕು ಎಂಬುದು ಇವತ್ತಿನ ಮಾತು. ನಮೂನೆ, ಕಚೇರಿಗಳ ಹೆಸರೆಲ್ಲ ಕರ್ನಾಟಕದ್ದು. ಕಾಗದ, ತೇವ, ಹುಳುಗಳ ವಿಚಾರ ಎಲ್ಲ ಊರಿಗೂ ಒಂದೇ.

ಮೊದಲು ಒಂದು ಪ್ರಶ್ನೆ. ಕ್ರಯಪತ್ರ ನೋಂದಣಿಯಾಗಿದೆ, ಅದರ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇದ್ದೇ ಇದೆ. ಹಾಗಿದ್ದ ಮೇಲೆ ಅಸಲು ಪತ್ರ ಕಳೆದರೆ ಏನಾಯಿತು? ನೋಂದಣಿ ಕಾಯ್ದೆ, 1908ರ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪತ್ರಗಳನ್ನು ಬರೆದಿಡುವ ‘ಒಂದನೇ ಪುಸ್ತಕ’ದಲ್ಲಿ ದಾಖಲಾದ ಪತ್ರದ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಅಸಲಿನಲ್ಲಿ ಏನು ಬರೆದಿತ್ತು ಎಂಬುದಕ್ಕೆ ಆ ನಕಲು ನ್ಯಾಯಾಲಯದಲ್ಲೂ ಸಾಕ್ಷ್ಯ. ಪತ್ರ ಕಳೆದರೆ ಮನೆ ಹೋಗುವುದಿಲ್ಲ, ಆ ಭಯ ಬೇಡ.

ಆದರೆ ಇನ್ನೊಂದು ಕಾಯ್ದೆ ಇದೆ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 58(ಎಫ್) ಪ್ರಕಾರ, ಸರ್ಕಾರ ಗೊತ್ತುಮಾಡಿದ ಊರುಗಳಲ್ಲಿ ಅಸಲು ಪತ್ರವನ್ನು ಸಾಲಕ್ಕೆ ಭದ್ರತೆ ಎಂಬ ಉದ್ದೇಶದಿಂದ ಸಾಲ ಕೊಟ್ಟವನ ಕೈಗೆ ಕೊಟ್ಟರೆ ಸಾಕು, ಅಡಮಾನ ಆಗಿಬಿಡುತ್ತದೆ. ಬ್ಯಾಂಕಿನಲ್ಲಿ ನೀವು ಮಾಡಿದ್ದೂ ಬಹುತೇಕ ಅದನ್ನೇ. ಹಾಗಾಗಿ ಮುಂದೊಂದು ದಿನ ಮನೆ ಮಾರಲು ಹೊರಟಾಗ ಅಸಲು ಇಲ್ಲ ಎಂದರೆ, ಕೊಳ್ಳುವವರ ವಕೀಲರು ಮೊದಲು ಕೇಳುವುದು ‘ಎಲ್ಲಿ ಅಡವಿಟ್ಟಿದ್ದೀರಿ’ ಎಂದೇ. ನೋಂದಣಿ ಆಗದ ಇಂಥ ಅಡಮಾನ ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ, ಕಾಣಿಸುವುದಿಲ್ಲ. ಆದ್ದರಿಂದ ಇಸಿ ತೋರಿಸಿದರೂ ಅನುಮಾನ ಪೂರ್ತಿ ಹೋಗದು. ಪತ್ರ ಬೇರೆ ಯಾರದೋ ಕೈಗೆ ಸಿಕ್ಕಿದ್ದರೆ ಅವರು ಅದನ್ನು ಇಟ್ಟು ಸಾಲ ಎತ್ತಲು ನೋಡಬಹುದು. ಕೊನೆಗೆ ನೀವೇ ಗೆದ್ದರೂ ಅಲೆದಾಟ ನಿಮ್ಮದು. ಕಾಪಾಡಬೇಕಾದದ್ದು ಕಾಗದದ ಮೇಲಿನ ಅಕ್ಷರ ಮಾತ್ರವಲ್ಲ, ಅದು ನಿಮ್ಮ ಕೈಯಲ್ಲೇ ಇದೆ ಎಂಬ ಸಂಗತಿಯನ್ನೂ.

ಲಕೋಟೆಯೊಳಗಿನ ಕಾಗದಗಳೆಲ್ಲ ಒಂದೇ ಬೆಲೆಯವಲ್ಲ ಎಂಬುದು ಇಲ್ಲಿಂದಲೇ ಹೊರಡುತ್ತದೆ. ನಾವು ಅಳೆಯುವುದು ಒಂದೇ ಮಾತಿನಿಂದ: ಕಳೆದರೆ ಮತ್ತೆ ಸಿಗುತ್ತದೆಯೇ? ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರ ಇವುಗಳ ಅಸಲು ಸಿಗದು, ನಕಲು ಸಿಗುತ್ತದೆ. ಖಾತಾ ಪ್ರಮಾಣಪತ್ರ, ಇಸಿ, ಈಚಿನ ಕಂದಾಯ ರಸೀದಿ, ಪಹಣಿ ಇವು ಮತ್ತೆ ಮತ್ತೆ ಸಿಗುತ್ತವೆ. ಇವುಗಳ ಮೇಲೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೂರನೆಯ ಗುಂಪೇ ಕಷ್ಟದ್ದು, ಜನ ಕಡೆಗಣಿಸುವುದೂ ಅದನ್ನೇ. ನೋಂದಣಿ ಆಗದ ಹಳೆಯ ಕರಾರು, ನೋಟರಿ ಮುಂದೆ ಆದ ಅಧಿಕಾರ ಪತ್ರ, ಬಿಲ್ಡರ್ ಕೊಟ್ಟ ಹಂಚಿಕೆ ಪತ್ರ ಮತ್ತು ಹಣ ಸಂದಾಯದ ರಸೀದಿಗಳು, ಪ್ರಾಧಿಕಾರದ ಸ್ವಾಧೀನ ಪತ್ರ, ಮೊಹರು ಬಿದ್ದ ಮಂಜೂರಾತಿ ನಕ್ಷೆ, ಹಳೆಯ ಭೂಪರಿವರ್ತನೆ ಆದೇಶ, ಅಜ್ಜನ ಕಾಲದ ಹಕ್ಕುಪತ್ರ ಅಥವಾ ಸಾಗುವಳಿ ಚೀಟಿ. ಇವುಗಳಲ್ಲಿ ಕೆಲವಕ್ಕೆ ಎರಡನೆಯ ಪ್ರತಿಯೇ ಇಲ್ಲ. ಇದೆ ಎಂದರೂ ಯಾವ ಕಚೇರಿಯ ಯಾವ ಕಡತದಲ್ಲಿ ಎಂದು ಹುಡುಕುವುದರಲ್ಲಿ ವರ್ಷ ಕಳೆಯುತ್ತದೆ. ಕ್ರಯಪತ್ರವನ್ನು ಲಾಕರಿನಲ್ಲಿಟ್ಟು, ಸ್ವಾಧೀನ ಪತ್ರವನ್ನು ವಿದ್ಯುತ್ ಬಿಲ್ಲುಗಳ ಜೊತೆ ಮೇಜಿನ ಖಾನೆಯಲ್ಲಿ ಬಿಟ್ಟರೆ ಲೆಕ್ಕ ತಲೆಕೆಳಗಾಯಿತು ಎಂದೇ ಅರ್ಥ.

ಈಗ ಬ್ಯಾಂಕಿನ ಕೌಂಟರಿಗೆ ಬರೋಣ. ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ಸುತ್ತೋಲೆ ಬಂದಮೇಲೆ ಇಲ್ಲಿ ನಿಮ್ಮ ಕೈ ಬಲವಾಗಿದೆ. 2023ರ ಡಿಸೆಂಬರ್ 1ರಿಂದ ಈಚೆಗೆ ಬಿಡುಗಡೆಯಾಗಬೇಕಾದ ಪತ್ರಗಳಿಗೆ ಅದು ಅನ್ವಯ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಅಸಲು ಪತ್ರಗಳನ್ನು ಹಿಂದಿರುಗಿಸಬೇಕು, ಯಾವುದೇ ನೋಂದಣಿಯಲ್ಲಿ ಹಾಕಿಸಿದ್ದ ಋಣಭಾರವನ್ನೂ ತೆಗೆಸಬೇಕು. ತಪ್ಪು ಬ್ಯಾಂಕಿನದಾಗಿದ್ದು ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರಗಳನ್ನೇ ಬ್ಯಾಂಕು ಕಳೆದಿದ್ದರೆ ಅಥವಾ ಹಾಳುಮಾಡಿದ್ದರೆ, ನಕಲು ಪ್ರತಿ ತೆಗೆಸಲು ನೆರವಾಗಬೇಕು, ಖರ್ಚೂ ಅದರದೇ. ಅದಕ್ಕೆ ಇನ್ನೂ 30 ದಿನ ಕಾಲಾವಕಾಶ ಇದೆ, ಅಂದರೆ ಪರಿಹಾರದ ಲೆಕ್ಕ 60 ದಿನದ ನಂತರ ಶುರು. ಸಾಲ ನಡೆಸಿದ ಶಾಖೆಯಲ್ಲೇ ತೆಗೆದುಕೊಳ್ಳಬೇಕೆಂದೇನೂ ಇಲ್ಲ. ಪತ್ರ ಇರುವ ಇನ್ನೊಂದು ಕಚೇರಿಯಿಂದ ಪಡೆಯುವ ಆಯ್ಕೆಯೂ ನಿಮ್ಮದೇ. ಸಾಲಗಾರರು ತೀರಿಕೊಂಡಿದ್ದರೆ ವಾರಸುದಾರರಿಗೆ ಹೇಗೆ ಕೊಡುತ್ತೇವೆ ಎಂಬ ಕ್ರಮವನ್ನು ಬ್ಯಾಂಕು ತನ್ನ ಜಾಲತಾಣದಲ್ಲಿ ಹಾಕಿರಬೇಕು.

ಹೋಗುವಾಗ ಸಾಲ ಪಡೆದಾಗ ಬ್ಯಾಂಕು ಕೊಟ್ಟ ದಾಖಲೆಗಳ ಪಟ್ಟಿ ಕೈಯಲ್ಲಿರಲಿ. ಇಲ್ಲದಿದ್ದರೆ ಹಕ್ಕುಪತ್ರ ಠೇವಣಿಯ ಮೆಮೊರಾಂಡಮ್, ಅಂದರೆ ಬ್ಯಾಂಕಿನವರು ಎಂಒಡಿಟಿ ಎನ್ನುವುದು, ಅದರ ಅನುಸೂಚಿಯಲ್ಲಿ ಒಂದೊಂದೂ ಬರೆದಿರುತ್ತದೆ. ಅದನ್ನು ಮುಂದಿಟ್ಟುಕೊಂಡು ಅಲ್ಲೇ ಕುಳಿತು ಒಂದೊಂದಾಗಿ ನೋಡಿ. ಪತ್ರ ಇದೆಯೇ ಎಂದು ನೋಡಿದರೆ ಸಾಲದು, ಪುಟ ಎಣಿಸಿ. ನೋಂದಾಯಿತ ಪತ್ರದ ಹಾಳೆಗಳ ಮೇಲೆ ದಸ್ತಾವೇಜಿನ ಸಂಖ್ಯೆ ಮತ್ತು ಹಾಳೆಯ ಸಂಖ್ಯೆ ಇರುತ್ತದೆ. ಹೆಚ್ಚಾಗಿ ಕಾಣೆಯಾಗುವುದು ಕೊನೆಯ ಹಾಳೆ: ಸಾಕ್ಷಿಗಳ ಸಹಿ, ಆಸ್ತಿಯ ಚಕ್ಕುಬಂದಿ, ಕೆಲವೊಮ್ಮೆ ಮಡಚಿ ಅಂಟಿಸಿದ ನಕ್ಷೆ. ಹಿಂಬದಿಯನ್ನೂ ತಿರುವಿ ನೋಡಿ, ನೋಂದಣಿಯ ಷರಾಗಳು ಬಹಳ ಸಲ ಅಲ್ಲೇ ಇರುತ್ತವೆ. ಅಸಲಿನ ಜಾಗದಲ್ಲಿ ಬಣ್ಣದ ಜೆರಾಕ್ಸ್ ಇದ್ದರೆ ಗೊತ್ತಾಗುವುದು ಹೇಗೆ? ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಪೆನ್ನಿನ ಸಹಿ ಕಾಗದವನ್ನು ಒತ್ತಿರುತ್ತದೆ, ಹಿಂದಿನಿಂದ ಬೆರಳಾಡಿಸಿದರೆ ತಗಲುತ್ತದೆ. ಜೆರಾಕ್ಸಿನ ಸಹಿ ಸಪಾಟು. ‘ಎಲ್ಲ ಪತ್ರ ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ’ ಎಂಬ ಸ್ವೀಕೃತಿಗೆ ಸಹಿ ಇದೆಲ್ಲ ಆದಮೇಲೆ. ಒಂದು ಹಾಳೆ ಹರಿದಿದ್ದರೂ, ನೀರು ಕುಡಿದಿದ್ದರೂ ಅದನ್ನು ಸ್ವೀಕೃತಿಯ ಮೇಲೆಯೇ ಬರೆದು ಸಹಿ ಹಾಕಿ, ಅದರ ಪ್ರತಿ ಇಟ್ಟುಕೊಳ್ಳಿ.

ಲಕೋಟೆಯ ಜೊತೆ ಇನ್ನೆರಡು ಕಾಗದ ಬರಬೇಕು. ಒಂದು, ಬಾಕಿ ಇಲ್ಲ ಎಂಬ ಪತ್ರ ಮತ್ತು ಸೊನ್ನೆ ಬಾಕಿ ತೋರಿಸುವ ಸಾಲದ ಖಾತೆಯ ವಿವರ. ಇನ್ನೊಂದು, ಎಂಒಡಿಟಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದ್ದರೆ ಅದನ್ನು ವಜಾ ಮಾಡುವ ಪತ್ರ, ಡಿಸ್ಚಾರ್ಜ್ ಡೀಡ್. ಇದು ನೋಂದಣಿಯಾಗುವ ತನಕ ನಿಮ್ಮ ಇಸಿಯಲ್ಲಿ, ಅಂದರೆ ವ್ಯವಹಾರ ಇದ್ದಾಗ ಬರುವ ನಮೂನೆ 15ರಲ್ಲಿ, ಬ್ಯಾಂಕಿನ ಸಾಲ ನಿಂತೇ ಇರುತ್ತದೆ. ಆದ ಮೇಲೂ ಹಳೆಯ ಸಾಲು ಅಳಿಸಿಹೋಗದು, ಋಣ ತೀರಿದ ಹೊಸ ಸಾಲು ಸೇರುತ್ತದೆ. ಅದನ್ನು ನೋಡಿ ಗಾಬರಿ ಬೇಡ. ಅಡವಿಟ್ಟ ಆಸ್ತಿಗಳ ಸೆರ್ಸೈ ಎಂಬ ಕೇಂದ್ರ ನೋಂದಣಿಯಲ್ಲೂ ಬ್ಯಾಂಕು ಸಾಲ ತೀರಿದ್ದನ್ನು ದಾಖಲಿಸಬೇಕು, ಜಾಲತಾಣದಲ್ಲಿ ಆಸ್ತಿಯ ವಿವರ ಕೊಟ್ಟು ನೀವೇ ಪರಿಶೀಲಿಸಬಹುದು. ಈ ಡಿಸ್ಚಾರ್ಜ್ ಡೀಡ್ ಮತ್ತು ಬಾಕಿ ಇಲ್ಲದ ಪತ್ರ ಇನ್ನು ಮೇಲೆ ಮನೆ ಪತ್ರದ ಭಾಗವೇ. ಕ್ರಯಪತ್ರದ ಜೊತೆಯಲ್ಲೇ ಇರಲಿ.

ಮನೆಗೆ ತಂದ ಮೇಲೆ ಕಾಗದಕ್ಕೆ ಏನೇನು ಮಾಡಬಾರದು ಎಂಬುದು ಏನು ಮಾಡಬೇಕು ಎನ್ನುವುದಕ್ಕಿಂತ ಉದ್ದದ ಪಟ್ಟಿ. ಮೊದಲನೆಯದು ಲ್ಯಾಮಿನೇಷನ್. ‘ಭದ್ರವಾಗಿರಲಿ’ ಎಂದು ಅಂಗಡಿಗೆ ಕೊಟ್ಟು ಅಸಲು ಕ್ರಯಪತ್ರಕ್ಕೆ ಪ್ಲಾಸ್ಟಿಕ್ ಹೊದಿಸುವವರು ಈಗಲೂ ಇದ್ದಾರೆ. ಬಿಸಿ ರೋಲರು ಅಂಟನ್ನು ಕಾಗದದ ನಾರಿನೊಳಗೆ ಕರಗಿಸಿಬಿಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಉಬ್ಬು ಮೊಹರು ಚಪ್ಪಟೆಯಾಗುತ್ತದೆ. ಛಾಪಾ ಕಾಗದದ ನೀರ್ಗುರುತು, ಸಹಿಯ ಒತ್ತು, ಶಾಯಿಯ ಸ್ವಭಾವ ಇವನ್ನು ಪರೀಕ್ಷಿಸಲು ಆಗುವುದಿಲ್ಲ. ಮುಂದೆ ಅದರ ಮೇಲೆ ಷರಾ ಬರೆಯಬೇಕಾಗಿ ಬಂದರೆ ಜಾಗವೇ ಇರದು. ಈ ಕಾರಣಕ್ಕೆ ಲ್ಯಾಮಿನೇಟ್ ಆದ ಪತ್ರವನ್ನು ಕಂಡರೆ ಸಾಲ ಕೊಡುವವರೂ ವಕೀಲರೂ ಅನುಮಾನದಿಂದ ನೋಡುತ್ತಾರೆ. ಥರ್ಮಲ್, ಅಂದರೆ ಬಿಸಿ ತಾಗಿದರೆ ಕಪ್ಪಾಗುವ ಕಾಗದದ ರಸೀದಿ ಆಗಿದ್ದರಂತೂ ಯಂತ್ರದೊಳಗೆ ಹೋಗಿ ಪೂರ್ತಿ ಕಪ್ಪಾಗಿ ಹೊರಬರುತ್ತದೆ.

ಎರಡನೆಯದು ಸೆಲ್ಲೊಟೇಪು. ಹರಿದ ಅಂಚಿಗೆ ಹಚ್ಚಿದ ಟೇಪು ಕೆಲವು ವರ್ಷಕ್ಕೆ ಹಳದಿಯಾಗಿ ಉದುರುತ್ತದೆ, ಅಂಟು ಮಾತ್ರ ಕಾಗದದೊಳಗೆ ಉಳಿದು ಎಣ್ಣೆ ಕಲೆಯಂತಾಗುತ್ತದೆ. ಹರಿದದ್ದನ್ನು ಹಾಗೇ ಸರಿಯಾಗಿ ಜೋಡಿಸಿ ಗಟ್ಟಿ ಪಾರದರ್ಶಕ ಹೊದಿಕೆಯೊಳಗೆ ಇಟ್ಟರೆ ಸಾಕು. ಬಹಳ ಹಳೆಯ, ಮಡಿಕೆಯಲ್ಲೇ ಬಿರಿದಿರುವ ಪತ್ರವಾದರೆ ದಾಖಲೆ ಸಂರಕ್ಷಣೆಯ ಕೆಲಸ ಬಲ್ಲವರಿಂದ ತೆಳು ಜಪಾನೀ ಕಾಗದ ಮತ್ತು ಗಂಜಿ ಅಂಟಿನಿಂದ ದುರಸ್ತಿ ಮಾಡಿಸಬಹುದು. ಆ ಅಂಟನ್ನು ನೀರಿನಿಂದ ಮತ್ತೆ ಬಿಡಿಸಬಹುದು ಎಂಬುದೇ ಅದರ ಗುಣ.

ಪಿನ್ನಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಸ್ಟೇಪ್ಲರ್ ಪಿನ್ನು, ಗುಂಡುಪಿನ್ನು, ಕಬ್ಬಿಣದ ಕ್ಲಿಪ್ಪು ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತವೆ. ಬಿಡಿ ರಸೀದಿಗಳಿಂದ ಅವನ್ನೆಲ್ಲ ತೆಗೆಯಿರಿ. ಆದರೆ ನೋಂದಾಯಿತ ಪತ್ರದ ಹೊಲಿಗೆಯನ್ನಾಗಲಿ ಮೂಲ ಕಟ್ಟನ್ನಾಗಲಿ ಬಿಚ್ಚಬೇಡಿ. ಬಿಚ್ಚಿದ ಪತ್ರದಲ್ಲಿ ಹಾಳೆ ಬದಲಾಗಿದೆಯೇ ಎಂಬ ಪ್ರಶ್ನೆ ಏಳುತ್ತದೆ. ತುಕ್ಕು ಆಗಲೇ ಹರಡುತ್ತಿದ್ದರೆ ಮಾತ್ರ, ಮೊದಲು ಇದ್ದ ಸ್ಥಿತಿಯ ಫೋಟೊ ತೆಗೆದು, ಪಿನ್ನಿನ ಕಾಲನ್ನು ಹಿಂದಿನಿಂದ ನೆಟ್ಟಗೆ ಮಾಡಿ ಹೊರತೆಗೆದು, ಅದೇ ರಂಧ್ರದಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಕಟ್ಟಿ. ಹೊಸ ತೂತು ಕೊರೆಯಬೇಡಿ.

ಇನ್ನೊಂದು ನಮ್ಮ ಕಡೆಯ ವಿಶೇಷ. ಪತ್ರ ಮನೆಗೆ ಬಂದ ದಿನ ದೇವರ ಮುಂದಿಟ್ಟು ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚುವುದು. ಮೊದಲ ಹಾಳೆಯ ಮೇಲಿನ ಮೂಲೆ ಎಂದರೆ ದಸ್ತಾವೇಜಿನ ಸಂಖ್ಯೆಯೋ ಮೊಹರೋ ಇರುವ ಜಾಗ. ಒದ್ದೆ ಕುಂಕುಮದ ಬಣ್ಣ ಕೆಳಗಿನ ಎರಡು ಮೂರು ಹಾಳೆಗೂ ಇಳಿಯುತ್ತದೆ, ಅಕ್ಷರ ಮಸುಕಾಗುತ್ತದೆ. ಪೂಜೆ ಮಾಡಬೇಡಿ ಎಂದು ಹೇಳಲು ನಾವ್ಯಾರು? ಪತ್ರವನ್ನು ಲಕೋಟೆಯಲ್ಲಿಟ್ಟು ಲಕೋಟೆಗೆ ಹಚ್ಚಿ.

ಹೊದಿಕೆಯ ಆಯ್ಕೆಗೆ ಬರೋಣ. ಪುಸ್ತಕದಂಗಡಿಯಲ್ಲಿ ಸಿಗುವ ಮೆತ್ತಗಿನ, ಹೊಳೆಯುವ ಪ್ಲಾಸ್ಟಿಕ್ ಫೈಲುಗಳು ಬಹುಪಾಲು ಪಿವಿಸಿ. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ನಿಧಾನವಾಗಿ ಹೊರಬಂದು ಲೇಸರ್ ಮುದ್ರಣದ, ಜೆರಾಕ್ಸಿನ ಅಕ್ಷರವನ್ನು ಮೆತ್ತಗಾಗಿಸುತ್ತದೆ. ಹತ್ತು ವರ್ಷದ ಮೇಲೆ ಹಾಳೆ ಎಳೆದರೆ ಅಕ್ಷರಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತವೆ, ಕನ್ನಡಿಯಲ್ಲಿ ಓದಬೇಕು. ಬ್ಯಾಂಕಿನಿಂದ ಬಂದ ಫೈಲಿನಲ್ಲೇ ಇದು ಆಗಿದೆಯೇ ಎಂದು ಅಂಚು ಎತ್ತಿ ನೋಡಿ. ಅಂಟಿದ್ದರೆ ಎಳೆಯದೆ, ಪ್ಲಾಸ್ಟಿಕ್ಕನ್ನು ಹಾಳೆಯ ಮೇಲಿಂದ ಮಡಚುತ್ತಾ ನಿಧಾನಕ್ಕೆ ಸುಲಿಯಿರಿ. ಪಿವಿಸಿ ಗುರುತು ಹಿಡಿಯುವುದು ಮೂಗಿನಿಂದ: ಹೊಸ ರೆಕ್ಸಿನ್ನಿನಂಥ ಗಾಟು ವಾಸನೆ, ಮುಟ್ಟಿದರೆ ಅಂಟುವ ಮೈ. ಬೇಕಾದದ್ದು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್. ಗರಗರ ಸದ್ದು ಮಾಡುತ್ತದೆ, ವಾಸನೆ ಇರದು. ಅದಕ್ಕಿಂತಲೂ ಸರಳವಾಗಿ ಆಮ್ಲರಹಿತ ಕಾಗದದ ಫೋಲ್ಡರು ಆದೀತು. ಹಾಳೆಯನ್ನು ಮಡಚಬೇಡಿ. ದಸ್ತಾವೇಜಿನ ಹಾಳೆ ಸಾಮಾನ್ಯವಾಗಿ ಲೀಗಲ್ ಅಳತೆಯದು, 216 ಮಿಮೀ ಅಗಲ, 356 ಮಿಮೀ ಉದ್ದ. ಎ4 ಫೈಲಿಗೆ ತುರುಕಿದರೆ ಕೆಳಗಿನ ಅಂಚು ಮಡಚಿ ಮುರಿಯುತ್ತದೆ, ಸಹಿಗಳು ಇರುವುದೂ ಅಲ್ಲೇ. ಲೀಗಲ್ ಅಳತೆಯ ಫೋಲ್ಡರನ್ನೇ ಕೇಳಿ ತನ್ನಿ.

ಕಾಗದದ ಮೊದಲ ವೈರಿ ತೇವ. ಗಾಳಿಯ ತೇವಾಂಶ ಶೇ 35ರಿಂದ 55ರೊಳಗೆ ಇದ್ದರೆ ಕಾಗದಕ್ಕೆ ಹಿತ. ಶೇ 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಹಿಡಿಯಲು ಶುರು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಶೇ 80ರ ಮೇಲೇ ತಿಂಗಳುಗಟ್ಟಲೆ ಇರುತ್ತದೆ. ಹೊರಗೋಡೆಗೆ ಅಥವಾ ಬಚ್ಚಲಮನೆಯ ಗೋಡೆಗೆ ತಾಗಿಸಿ ಇಟ್ಟ ಕಬ್ಬಿಣದ ಬೀರು ಇನ್ನೂ ಕೆಟ್ಟದು. ತಣ್ಣಗಿನ ತಗಡಿನ ಒಳಮೈಯಲ್ಲಿ ನೀರು ಬೆವರುತ್ತದೆ. ಬೀರುವನ್ನು ಗೋಡೆಯಿಂದ ಕನಿಷ್ಠ ಒಂದು ಗೇಣು ಮುಂದಿಡಿ, ಪತ್ರಗಳನ್ನು ನಡುವಿನ ಖಾನೆಯಲ್ಲಿಡಿ. ಕೆಳಗಿನ ಖಾನೆಗೆ ನೀರು, ಗೆದ್ದಲು. ಮೇಲಿನದಕ್ಕೆ ತಾರಸಿಯ ಬಿಸಿ.

ಒಳ್ಳೆಯ ಉಪಾಯ ಎಂದರೆ ರಬ್ಬರ್ ಸೀಲಿನ ಗಟ್ಟಿ ಡಬ್ಬಿ ಮತ್ತು ಸಿಲಿಕಾ ಜೆಲ್. ಆದರೆ ಶೂ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣ ಹಾಕಿ ನಿಶ್ಚಿಂತರಾಗಬೇಡಿ. ಲೆಕ್ಕ ಹೀಗಿದೆ: ಒಂದು ಕಿಲೋ ಕಾಗದ ತಾನೇ 60ರಿಂದ 80 ಗ್ರಾಂ ನೀರನ್ನು ಒಳಗಿಟ್ಟುಕೊಂಡಿರುತ್ತದೆ. 5 ಗ್ರಾಂ ಜೆಲ್ ಹೀರುವುದು ಹೆಚ್ಚೆಂದರೆ ಒಂದೂವರೆ ಗ್ರಾಂ. ಕಿಲೋ ಕಾಗದಕ್ಕೆ 100 ಗ್ರಾಂ ಜೆಲ್ ಬೇಕು, ಬಟ್ಟೆಯ ಚೀಲದಲ್ಲಿ, ಕಾಗದಕ್ಕೆ ನೇರ ತಾಗದಂತೆ. ಕಿತ್ತಳೆ ಬಣ್ಣದಿಂದ ಹಸಿರಿಗೆ ತಿರುಗುವ ಮಣಿಗಳನ್ನು ಕೊಳ್ಳಿ, ಬಣ್ಣ ತಿರುಗಿದಾಗ ಓವನ್ನಿನಲ್ಲಿ 120 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತವೆ. ನೀಲಿಯಿಂದ ಗುಲಾಬಿಯಾಗುವ ಮಣಿಗಳಲ್ಲಿ ಕೋಬಾಲ್ಟ್ ಇರುತ್ತದೆ, ಮನೆಗೆ ಬೇಡ. ಎಲ್ಲಕ್ಕಿಂತ ಮುಖ್ಯ, ಡಬ್ಬಿಯನ್ನು ಮುಚ್ಚುವ ದಿನ. ಜುಲೈನಲ್ಲಿ ಮುಚ್ಚಿದರೆ ಜುಲೈನ ತೇವವನ್ನೇ ಒಳಗೆ ಬೀಗ ಹಾಕಿದಂತೆ. ಜನವರಿ, ಫೆಬ್ರವರಿಯ ಒಣ ಮಧ್ಯಾಹ್ನ ಪತ್ರಗಳನ್ನು ನೆರಳಲ್ಲಿ ಎರಡು ಮೂರು ಗಂಟೆ ಬಿಡಿಯಾಗಿ ಹರಡಿ, ಆಮೇಲೆ ಮುಚ್ಚಿ. ಬಿಸಿಲಿಗೆ ಹಾಕಬೇಡಿ, ಮೊಹರಿನ ನೇರಳೆ ಶಾಯಿ ಮೊದಲು ಮಾಸುವುದು ಬಿಸಿಲಿಗೇ.

ಹುಳುಗಳಿಗೆ ನುಸಿ ಗುಳಿಗೆ ಹಾಕುವವರು ಅದನ್ನು ಪತ್ರ ಇರುವ ಡಬ್ಬಿಯ ಹೊರಗೆ, ಬೀರುವಿನ ಮೂಲೆಯಲ್ಲಿ ಹಾಕಲಿ. ಮುಚ್ಚಿದ ಡಬ್ಬಿಯೊಳಗೆ ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಗಂಜಿ ಅಂಟು ಇರುವ ಲಕೋಟೆ, ರಟ್ಟಿನ ಪೆಟ್ಟಿಗೆ ಸಿಲ್ವರ್‌ಫಿಶ್‌ಗೆ ಪ್ರೀತಿ, ಅವನ್ನು ಬಳಸಬೇಡಿ. ಬೇವಿನ ಸೊಪ್ಪು ಹಾಕುವುದಾದರೆ ಪುಡಿಯಾಗುವಷ್ಟು ಒಣಗಿರಬೇಕು, ಹಸಿ ಎಲೆ ತಂದು ಹಾಕಿದರೆ ತೇವವನ್ನೇ ತಂದು ಹಾಕಿದಂತಾಯಿತು.

ಬೆಂಕಿಯ ಮಾತಿಗೆ ಬಂದರೆ, ಸಾಮಾನ್ಯ ಬೀರು ಕಳ್ಳನನ್ನು ಸ್ವಲ್ಪ ತಡೆದೀತು, ಬೆಂಕಿಯನ್ನಲ್ಲ. ಕಾಗದ ಸುಮಾರು 230 ಡಿಗ್ರಿಯಲ್ಲಿ ಕಂದಿ ಹೊತ್ತಿಕೊಳ್ಳುತ್ತದೆ, ತಗಡು ಆ ಬಿಸಿಯನ್ನು ಕೆಲವೇ ನಿಮಿಷದಲ್ಲಿ ಒಳಗೆ ಬಿಡುತ್ತದೆ. ಕಾಗದಕ್ಕೆಂದು ಪರೀಕ್ಷೆಯಾದ ಸೇಫುಗಳಲ್ಲಿ ಒಳಗಿನ ಶಾಖ ಒಂದು ಗಂಟೆ 177 ಡಿಗ್ರಿ ದಾಟುವುದಿಲ್ಲ. ಅಂಥ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಒಂದು ಕಿವಿಮಾತು: ಈ ಸೇಫುಗಳ ಗೋಡೆಯ ಮಸಾಲೆಯಲ್ಲೇ ನೀರಿನಂಶ ಇರುತ್ತದೆ, ಬೆಂಕಿ ತಡೆಯುವುದೂ ಅದರಿಂದಲೇ. ಹಾಗಾಗಿ ಒಳಗೆ ಸದಾ ತೇವ. ಸೇಫಿನೊಳಗೂ ಪತ್ರ ಸೀಲಿನ ಚೀಲದಲ್ಲಿ ಜೆಲ್ಲಿನ ಜೊತೆಗೇ ಇರಬೇಕು, ತಿಂಗಳಿಗೊಮ್ಮೆ ಬಾಗಿಲು ತೆರೆದು ಗಾಳಿ ಆಡಿಸಬೇಕು.

ನಮ್ಮ ಅಭಿಪ್ರಾಯದಲ್ಲಿ ಅಸಲುಗಳಿಗೆ ಬ್ಯಾಂಕ್ ಲಾಕರೇ ಮೇಲು, ಆದರೆ ಅಳತೆ ನೋಡಿ ತೆಗೆದುಕೊಳ್ಳಿ. ಚಿಕ್ಕ ಲಾಕರಿನ ಅಗಲ ಸಾಮಾನ್ಯವಾಗಿ 175 ಮಿಮೀ, ಅದರ ಮೇಲಿನದು 210. ಲೀಗಲ್ ಹಾಳೆಯ 216 ಮಿಮೀ ಎರಡಕ್ಕೂ ಚಪ್ಪಟೆಯಾಗಿ ಹಿಡಿಯದು, ಎರಡನೆಯದಕ್ಕಂತೂ ಬರೀ ಆರು ಮಿಲಿಮೀಟರಿನಲ್ಲಿ ತಪ್ಪುತ್ತದೆ. ಸುರುಳಿ ಸುತ್ತಿ ಇಟ್ಟ ಪತ್ರ ಹತ್ತು ವರ್ಷದ ಮೇಲೆ ಬಿಚ್ಚಿಕೊಳ್ಳುವುದಿಲ್ಲ, ಮಡಚಿದರೆ ಮಡಿಕೆಯ ಸಾಲಿನ ಮುದ್ರಣ ಉದುರುತ್ತದೆ. 260 ಮಿಮೀ ಅಥವಾ 350 ಮಿಮೀ ಅಗಲದ್ದನ್ನು ಕೇಳಿ. ನೆಲಮಾಳಿಗೆಯಲ್ಲಿ ಲಾಕರ್ ಕೋಣೆ ಇದ್ದರೆ ಕೆಳಗಿನ ಸಾಲು ಬೇಡ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಪ್ರವಾಹ, ಭೂಕಂಪದಂಥ ಪ್ರಕೃತಿ ವಿಕೋಪಕ್ಕೆ ಹೊಣೆ ಇಲ್ಲ. ದುಡ್ಡು ಬಂದರೂ ಪತ್ರ ಬಾರದಲ್ಲ, ಆದ್ದರಿಂದ ಲಾಕರಿನೊಳಗೂ ಪತ್ರ ಸೀಲಿನ ಚೀಲದಲ್ಲೇ ಇರಲಿ. ಒಬ್ಬರ ಹೆಸರಿನಲ್ಲೇ ಲಾಕರ್ ಇಟ್ಟುಕೊಳ್ಳಬೇಡಿ. ಇಬ್ಬರಲ್ಲಿ ಒಬ್ಬರು ಅಥವಾ ಬದುಕಿರುವವರು ತೆರೆಯಬಹುದೆಂಬ ಷರತ್ತಿನ ಜಂಟಿ ಲಾಕರ್ ಇರಲಿ, ನಾಮನಿರ್ದೇಶನವೂ ಆಗಿರಲಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ, ಒಬ್ಬರ ನಂತರ ಒಬ್ಬರು ಎಂಬಂತೆ, ಹೆಸರು ಕೊಡಬಹುದು. ಉಯಿಲಿನ ಅಸಲನ್ನು ಮಾತ್ರ ಒಬ್ಬರ ಹೆಸರಿನ ಲಾಕರಿನಲ್ಲಿ ಇಡುವ ಯೋಚನೆ ಬೇಡ. ನೋಂದಾಯಿತ ಉಯಿಲಿನ ನಕಲು ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುವುದು. ಅವರು ಹೋದ ಮೇಲೆ ಲಾಕರ್ ತೆರೆಯುವ ಹೊತ್ತಿಗೇ ಅದು ಬೇಕಾಗಿರುತ್ತದೆ.

ಸ್ಕ್ಯಾನ್ ಮಾಡಿಸುವಾಗ ಬಣ್ಣದಲ್ಲಿ 300 ಡಿಪಿಐ ಸಾಕು, ಕೈಬರಹದ ಹಳೆಯ ಪತ್ರಕ್ಕೆ 600. ಹಿಂಬದಿ ಖಾಲಿ ಕಂಡರೂ ಬಿಡಬೇಡಿ. ಮೊಬೈಲಿನ ಫೋಟೊದಲ್ಲಿ ಅಂಚು ಕತ್ತರಿಸಿ ಹೋಗಿರುತ್ತದೆ, ಹಾಳೆಯ ಸಂಖ್ಯೆ ಇರುವುದು ಅಲ್ಲೇ. ಒಂದೊಂದು ಪತ್ರಕ್ಕೆ ಒಂದು ಪಿಡಿಎಫ್, ಹೆಸರು ದಿನಾಂಕದಿಂದ ಶುರು. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಬೇರೆ ಊರಿನ ಮಕ್ಕಳ ಬಳಿ, ಒಂದು ಪಾಸ್‌ವರ್ಡ್ ಹಾಕಿದ ಕ್ಲೌಡ್ ಖಾತೆಯಲ್ಲಿ. ಡಿಜಿಲಾಕರಿಗೆ ನೀವೇ ಏರಿಸಿದ ಸ್ಕ್ಯಾನು ಅಸಲಿಗೆ ಸಮ ಅಲ್ಲ. ಇಲಾಖೆಯೇ ಅದರ ಮೂಲಕ ನೀಡಿದ ದಾಖಲೆಗೆ ಮಾತ್ರ ಆ ಮಾನ್ಯತೆ. ಇಡೀ ಪತ್ರದ ಸ್ಕ್ಯಾನನ್ನು ದಲ್ಲಾಳಿಗಳಿಗೆ ವಾಟ್ಸ್‌ಆ್ಯಪ್ ಮಾಡಬೇಡಿ. ಅದರಲ್ಲಿ ನಿಮ್ಮ ಸಹಿ, ಬೆರಳಚ್ಚು, ಆಧಾರ್ ಸಂಖ್ಯೆ ಎಲ್ಲ ಇವೆ. ನೋಂದಣಿ ಪತ್ರಗಳ ಬೆರಳಚ್ಚನ್ನು ಬಳಸಿ ಆಧಾರ್ ಮೂಲಕ ಹಣ ತೆಗೆದಿದ್ದಾರೆಂಬ ದೂರುಗಳು ಬೆಂಗಳೂರಿನಲ್ಲಿ 2023ರಲ್ಲಿ ಬಂದಿದ್ದವು. ಎಂಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಬೀಗ ಹಾಕಿಡುವುದು ಎರಡು ನಿಮಿಷದ ಕೆಲಸ. ಜೆರಾಕ್ಸ್ ಕೊಡಲೇಬೇಕಾದರೆ ‘ಪರಿಶೀಲನೆಗೆ ಮಾತ್ರ’ ಎಂದು ಬರೆದು, ದಿನಾಂಕ ಮತ್ತು ಪಡೆಯುವವರ ಹೆಸರನ್ನು ಬರಹದ ಮೇಲೆಯೇ ಅಡ್ಡಲಾಗಿ ಹಾಕಿ. ಅಸಲನ್ನು ವಕೀಲರು ನೋಡಬೇಕೆಂದರೆ ಎದುರಿಗೇ ಕುಳಿತು ತೋರಿಸಿ ವಾಪಸು ತನ್ನಿ. ಬಿಟ್ಟುಬರಲೇಬೇಕಾದರೆ ಪುಟಗಳ ಎಣಿಕೆ ಬರೆದ ರಸೀದಿ ಪಡೆಯಿರಿ.

ವರ್ಷಕ್ಕೊಮ್ಮೆ ಮನೆಗಂದಾಯ ಕಟ್ಟಿದ ದಿನವೇ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಆ ವರ್ಷದ ಇಸಿ ತೆಗೆಯುವ ರೂಢಿ ಇಟ್ಟುಕೊಳ್ಳಿ. ವ್ಯವಹಾರ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಮೂನೆ 15 ಬಂದು ಅದರಲ್ಲಿ ನಿಮಗೆ ಗೊತ್ತಿಲ್ಲದ ಸಾಲು ಇದ್ದರೆ ಅಂದೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ.

ಕೊನೆಯಲ್ಲಿ ಜನ ಕೇಳುವುದರಲ್ಲಿ ಎರಡು ಪ್ರಶ್ನೆ ಇಲ್ಲಿ ಸೇರಿಸುತ್ತೇವೆ. ಪತ್ರ ನೆನೆದರೆ ಏನು ಮಾಡಬೇಕು? 48 ಗಂಟೆ ನಿಮ್ಮ ಕೈಯಲ್ಲಿದೆ, ಆಮೇಲೆ ಬೂಷ್ಟು. ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್, ಬಿಸಿಲು ಮೂರೂ ಬೇಡ. ಹಾಳೆಗಳು ತಾವಾಗಿ ಬಿಡುವುದಾದರೆ ಮಾತ್ರ ಬಿಡಿಸಿ, ನಡುನಡುವೆ ಮುದ್ರಣವಿಲ್ಲದ ಬಿಳಿ ಕಾಗದ ಇಟ್ಟು, ಫ್ಯಾನಿನ ಗಾಳಿ ನೇರ ಬೀಳದಂತೆ ಕೋಣೆಯಲ್ಲಿ ಆಡಿಸಿ, ಗಂಟೆಗೊಮ್ಮೆ ಆ ಕಾಗದ ಬದಲಿಸಿ. ಬಾಲ್ ಪೆನ್ನಿನ ಬರಹ ಉಳಿಯುತ್ತದೆ; ಶಾಯಿ ಪೆನ್ನಿನದು, ಮೊಹರಿನದು ಹರಡುತ್ತದೆ, ಅಂಥ ಭಾಗವನ್ನು ಒರೆಸಬೇಡಿ, ಒತ್ತಿ ಹೀರಿಸಿ. ಹಾಳೆಗಳು ಅಂಟಿಕೊಂಡಿದ್ದರೆ ಜಿಪ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ್ದು ಕೆಡುವುದಿಲ್ಲ, ಬಲ್ಲವರನ್ನು ಹುಡುಕಲು ನಿಮಗೆ ಸಮಯ ಸಿಗುತ್ತದೆ.

ಕಳೆದೇ ಹೋದರೆ? ಮೊದಲು ಪೊಲೀಸ್ ದೂರು. ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಕೂತಲ್ಲೇ ಸ್ವೀಕೃತಿ ಸಿಗುತ್ತದೆ, ಆದರೆ ಮನೆ ಪತ್ರದ ಮಟ್ಟಿಗೆ ವಕೀಲರು ಅಷ್ಟಕ್ಕೆ ಒಪ್ಪುವುದು ಕಡಿಮೆ; ಠಾಣೆಯಿಂದ ‘ಹುಡುಕಿದರೂ ಪತ್ತೆಯಾಗಿಲ್ಲ’ ಎಂಬ ಹಿಂಬರಹ ಕೇಳುತ್ತಾರೆ. ಆಮೇಲೆ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ. ಅದರಲ್ಲಿ ದಸ್ತಾವೇಜಿನ ಸಂಖ್ಯೆ, ನೋಂದಣಿಯ ದಿನಾಂಕ, ಕಚೇರಿಯ ಹೆಸರು, ಆಸ್ತಿಯ ವಿವರ ಇರಬೇಕು. ಪತ್ರಿಕೆಯ ಇಡೀ ಪುಟವನ್ನು ಇಟ್ಟುಕೊಳ್ಳಿ, ತುಣುಕನ್ನಲ್ಲ; ದಿನಾಂಕ ಇರುವುದು ಪುಟದ ಮೇಲ್ಭಾಗದಲ್ಲಿ. ಪತ್ರವನ್ನು ಎಲ್ಲೂ ಅಡವಿಟ್ಟಿಲ್ಲ ಎಂಬ ಅಫಿಡವಿಟ್ ನೋಟರಿ ಮುಂದೆ ಮಾಡಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ, ಸೆರ್ಸೈ ಹುಡುಕಾಟದ ಫಲಿತಾಂಶವನ್ನೂ ಮುದ್ರಿಸಿ ಜೊತೆಗಿಡಿ. ಬ್ಯಾಂಕು ಪತ್ರ ಹಿಂದಿರುಗಿಸಿದ ದಿನದ ಸ್ವೀಕೃತಿಯೂ ಈ ಕಟ್ಟಿಗೆ ಸೇರಬೇಕು. ಪತ್ರ ಬ್ಯಾಂಕಿನಿಂದ ಹೊರಬಂದಿತ್ತು, ಯಾವ ದಿನ ಯಾರ ಕೈಗೆ ಬಂತು ಎಂಬುದಕ್ಕೆ ಇರುವ ದಾಖಲೆ ಅದೊಂದೇ.